ಮಂಗಗಳ ಆಶ್ರಯಧಾಮದಲ್ಲಿ ಇಂಟರ್ನ್‌ಶಿಪ್: ಮಗಳನ್ನು ಕಳಿಸಬಹುದಾ?

ಪ್ರಶ್ನೆ: ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಅಡಿಕೆ ತೋಟ, ನಡುವೆ ಬಾಳೆ. ಮಂಗ ಓಡಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಮಗಳು ಈ ವರ್ಷ ಪ್ರಾಣಿಶಾಸ್ತ್ರ ತೆಗೆದುಕೊಂಡು ಬಿಎಸ್ಸಿ ಮುಗಿಸಿದಳು. ಅಮೆರಿಕದ ಟೆಕ್ಸಾಸ್‌ನಲ್ಲಿ ರಕ್ಷಿಸಿ ತಂದ ಮಂಗಗಳ ಆಶ್ರಯಧಾಮ ಇದೆಯಂತೆ. ಅಲ್ಲೇ ಉಳಿದುಕೊಂಡು ಮೂರು ತಿಂಗಳು ಇಂಟರ್ನ್‌ಶಿಪ್ ಮಾಡುತ್ತೇನೆ ಅಂತ ಅರ್ಜಿ ಹಾಕಿದ್ದಾಳೆ. ಸಂಬಳ ಇಲ್ಲ, ಉಳಿಯಲು ಕೋಣೆ ಕೊಡುತ್ತಾರೆ. ಅವಳ ಅಪ್ಪ "ಇಲ್ಲಿನ ಮಂಗ ಸಾಲದಾ?" ಅಂತ ನಗುತ್ತಾರೆ. ನನಗೆ ಭಯ. ಅಲ್ಲಿ ಏನು ಕೆಲಸ? ಕಾಯಿಲೆ ಗೀಯಿಲೆ ಬರುತ್ತಾ? ಮುಂದೆ ಇದರಿಂದ ಪ್ರಯೋಜನ ಇದೆಯಾ? ಅಷ್ಟಕ್ಕೂ ರಕ್ಷಿಸಿದ ಮಂಗಗಳನ್ನು ಕಾಡಿಗೆ ಬಿಡದೆ ಯಾಕೆ ಇಟ್ಟುಕೊಂಡಿದ್ದಾರೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಗೊತ್ತಾದರೆ ಮಗಳಿಗೆ ಅಲ್ಲಿ ಎಂಥ ಕೆಲಸ, ಯಾಕೆ ಅಂಥ ಕೆಲಸ ಅನ್ನುವುದು ತಾನಾಗಿ ತಿಳಿಯುತ್ತದೆ.

ಅಮೆರಿಕದ ಕಾಡುಗಳಲ್ಲಿ ಆ ನೆಲದ್ದೇ ಆದ ಮಂಗಗಳಿಲ್ಲ. ಆಶ್ರಯಧಾಮಕ್ಕೆ ಬರುವವು ಯಾರದ್ದೋ ಮನೆಯಲ್ಲಿ ಸಾಕಿದವು, ಪ್ರಯೋಗಾಲಯದಲ್ಲಿದ್ದವು, ಇಲ್ಲವೇ ರಸ್ತೆ ಬದಿಯ ಖಾಸಗಿ ಮೃಗಾಲಯಗಳ ಬೋನಿನಲ್ಲಿದ್ದವು. ಮನೆಯಲ್ಲಿ ಕೋತಿ ಸಾಕುವುದನ್ನು ಇಡೀ ದೇಶಕ್ಕೆ ನಿಷೇಧಿಸುವ ಕಾನೂನು ಅಲ್ಲಿಲ್ಲ. ರಾಜ್ಯಕ್ಕೊಂದು ನಿಯಮ. ನಮ್ಮಲ್ಲಿ ಕೋತಿ ಸಾಕಿದರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು ಬೀಳುತ್ತದೆ. ಅಲ್ಲಿ ಕೆಲವು ರಾಜ್ಯಗಳಲ್ಲಿ ದುಡ್ಡು ಕೊಟ್ಟು ಮರಿ ತರಬಹುದು. ಹುಟ್ಟಿದ ಕೆಲವೇ ದಿನಕ್ಕೆ ತಾಯಿಯ ಎದೆಯಿಂದ ಕಿತ್ತು, ಡೈಪರ್ ಕಟ್ಟಿ, ಬಾಟಲಿ ಹಾಲು ಕುಡಿಸಿ ಬೆಳೆಸುತ್ತಾರೆ. ಮರಿ ಇರುವಾಗ ಎಲ್ಲರಿಗೂ ಮುದ್ದು. ನಾಲ್ಕೈದು ವರ್ಷಕ್ಕೆ ಪ್ರಾಯಕ್ಕೆ ಬರುತ್ತದೆ, ಕಚ್ಚಲು ಶುರು ಮಾಡುತ್ತದೆ. ಆಗ ಕೋರೆಹಲ್ಲು ಕೀಳಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಆಶ್ರಯಧಾಮಕ್ಕೆ ಫೋನ್.

ಇಂಥ ಕೋತಿಗೆ ಇನ್ನೊಂದು ಕೋತಿಯ ಜೊತೆ ಹೇಗಿರಬೇಕು ಅನ್ನುವುದೇ ಗೊತ್ತಿರುವುದಿಲ್ಲ. ಹಲ್ಲಿಲ್ಲ, ಎಷ್ಟೋ ಸಲ ಸಕ್ಕರೆ ಕಾಯಿಲೆ ಬೇರೆ. ಇದನ್ನು ಯಾವ ಕಾಡಿಗೆ ಬಿಡುವುದು? ನಮ್ಮ ಕೋತಿಗಳ ಬಳಗದವು, ಅಂದರೆ ಮೆಕಾಕ್‌ಗಳು, ಚೆನ್ನಾಗಿ ನೋಡಿಕೊಂಡರೆ 25-30 ವರ್ಷ ಬದುಕುತ್ತವೆ. ದಕ್ಷಿಣ ಅಮೆರಿಕದ ಕ್ಯಾಪುಚಿನ್ 40 ದಾಟುವುದೂ ಉಂಟು. ಅಷ್ಟೂ ವರ್ಷ ಯಾರಾದರೂ ನೋಡಿಕೊಳ್ಳಲೇಬೇಕು. (ನಮ್ಮಲ್ಲಿ ಪೇಟೆಯಲ್ಲಿ ಹಿಡಿದ ಮಂಗಗಳನ್ನು ರಾತ್ರೋರಾತ್ರಿ ವ್ಯಾನಿನಲ್ಲಿ ತಂದು ಘಟ್ಟದಲ್ಲಿ ಬಿಟ್ಟು ಹೋಗುತ್ತಾರಲ್ಲ, ಅದಕ್ಕೆ 'ಕಾಡಿಗೆ ಬಿಟ್ಟೆವು' ಅನ್ನುತ್ತಾರೆ. ಆಮೇಲೆ ಅವು ಯಾರ ತೋಟಕ್ಕೆ ಇಳಿಯುತ್ತವೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.)

ಟೆಕ್ಸಾಸ್ ಅಂದಿರಿ. ಸ್ಯಾನ್ ಆಂಟೋನಿಯೊ ನಗರದಿಂದ ದಕ್ಷಿಣಕ್ಕೆ ಡಿಲ್ಲಿ ಅಂತ ಒಂದು ಸಣ್ಣ ಊರಿದೆ. ಬಾರ್ನ್ ಫ್ರೀ ಯುಎಸ್‌ಎ ಸಂಸ್ಥೆಯ ಮಂಗಗಳ ಆಶ್ರಯಧಾಮ ಇರುವುದು ಅಲ್ಲಿ. ನಿಮ್ಮ ಮಗಳು ಅರ್ಜಿ ಹಾಕಿದ್ದು ಅದಕ್ಕೋ ಬೇರೆಯದಕ್ಕೋ ನೀವು ಬರೆದಿಲ್ಲ. ಆದರೂ ಅದರ ಕಥೆ ಕೇಳಿ. ಜಪಾನಿನ ಕ್ಯೋಟೊ ಹತ್ತಿರ ಅರಶಿಯಾಮ ಅನ್ನುವ ಗುಡ್ಡದಲ್ಲಿ ಸಂಶೋಧಕರು ಒಂದು ಕೋತಿ ಗುಂಪನ್ನು ವರ್ಷಗಟ್ಟಲೆ ಗಮನಿಸುತ್ತಿದ್ದರು. 1966ರಲ್ಲಿ ಆ ಗುಂಪು ಒಡೆದು ಎರಡಾಯಿತು. ಎರಡಕ್ಕೂ ಅಲ್ಲಿ ಜಾಗ ಸಾಲಲಿಲ್ಲ. 1972ರಲ್ಲಿ ಒಂದು ಗುಂಪಿನ 150 ಕೋತಿಗಳನ್ನು ವಿಮಾನದಲ್ಲಿ ಟೆಕ್ಸಾಸ್‌ಗೆ ಸಾಗಿಸಿದರು. ಹಿಮ ಬೀಳುವ ಊರಿನ ಕೋತಿಗಳು ಪಾಪಸುಕಳ್ಳಿ ಬೆಳೆಯುವ ಬಿಸಿಲು ನೆಲಕ್ಕೆ ಬಂದವು. ಕಳ್ಳಿಯನ್ನೂ, ಅಲ್ಲಿನ ಮೆಸ್ಕೀಟ್ ಮರದ ಕಾಯನ್ನೂ ತಿನ್ನಲು ಕಲಿತವು. ಬುಡುಬುಡಿಕೆ ಹಾವನ್ನು ಕಂಡರೆ ಕೂಗಿ ಎಚ್ಚರಿಸಲೂ ಕಲಿತವು. 1990ರ ದಶಕದಲ್ಲಿ ಬೇಲಿ ದಾಟಿದ ಕೆಲವನ್ನು ಬೇಟೆಗಾರರು ಗುಂಡಿಟ್ಟು ಕೊಂದರು. 2007ರಿಂದ ಆ ಜಾಗ ಬಾರ್ನ್ ಫ್ರೀ ಕೈಯಲ್ಲಿದೆ. ಈಗ ಅಲ್ಲಿ ಜಪಾನಿನ ಕೋತಿಗಳ ಜೊತೆ ರೀಸಸ್, ವರ್ವೆಟ್, ಬಬೂನ್‌ಗಳೂ ಇವೆ.

ಇನ್ನು ಕೆಲಸದ ವಿಷಯ. ಒಂದು ದಿನದ ಹತ್ತರಲ್ಲಿ ಏಳು ಪಾಲು ತೊಳೆಯುವುದು, ಹೆಚ್ಚುವುದು, ಹೊರುವುದು. ಬೆಳಿಗ್ಗೆ ಬಿಸಿಲೇರುವ ಮೊದಲೇ ಕೌಂಟ್. ಪ್ರತಿ ಆವರಣದ ಮುಂದೆ ನಿಂತು ಎಷ್ಟಿರಬೇಕೋ ಅಷ್ಟಿವೆಯಾ, ಯಾವುದು ಮೂಲೆ ಸೇರಿದೆ, ಯಾವುದು ಕುಂಟುತ್ತಿದೆ, ಹಿಕ್ಕೆ ನೀರಾಗಿದೆಯಾ ಅಂತ ನೋಡಿ ಬರೆದುಕೊಳ್ಳಬೇಕು. ಆಮೇಲೆ ಅಡುಗೆಮನೆ. ಗೆಣಸು, ಸೊಪ್ಪು, ದಪ್ಪ ಮೆಣಸಿನಕಾಯಿ, ಕ್ಯಾರೆಟ್ ಬಕೆಟ್‌ಗಟ್ಟಲೆ ಹೆಚ್ಚುವುದು. ಕೋತಿಗಳಿಗೆಂದೇ ಮಾಡುವ ಗಟ್ಟಿ ಬಿಸ್ಕತ್ತು ಬರುತ್ತದೆ. ಹಲ್ಲಿಲ್ಲದ ಮುದಿ ಕೋತಿಗಳಿಗೆ ಅದನ್ನು ನೀರಿನಲ್ಲಿ ನೆನೆಸಿ ಕೊಡಬೇಕು. ಔಷಧಿ ಇರುವ ಉಂಡೆ ಯಾವ ಕೋತಿಗೆ ಅಂತ ಹೆಸರು ಬರೆದಿಡಬೇಕು. ಅಷ್ಟಾದ ಮೇಲೆ ಹೋಸ್ ಪೈಪು, ಬ್ರಷ್ಷು, ಸೋಂಕುನಾಶಕ. ಅರ್ಜಿಯಲ್ಲಿ '50 ಪೌಂಡ್ ಎತ್ತಬಲ್ಲಿರಾ' ಅಂತ ಕೇಳಿರುತ್ತಾರೆ. ಅಂದರೆ 22-23 ಕಿಲೊ. ಅದು ಸುಮ್ನೆ ಕೇಳಿದ್ದಲ್ಲ, ಬಿಸ್ಕತ್ತಿನ ಮೂಟೆಯ ತೂಕ ಹೆಚ್ಚುಕಡಿಮೆ ಅಷ್ಟಿರುತ್ತದೆ.

ಇದರಲ್ಲಿ ನಾನು ಎಲ್ಲಕ್ಕಿಂತ ಗಂಭೀರವಾಗಿ ನೋಡುವುದು ಬೀಗವನ್ನು. ತೊಳೆಯುವ ಮೊದಲು ಕೋತಿಗಳನ್ನು ಪಕ್ಕದ ಕೋಣೆಗೆ ದಾಟಿಸಿ ನಡುವಿನ ಬಾಗಿಲು ಇಳಿಸುತ್ತಾರೆ. ಒಳಗೆ ಹೋಗುವ ಮುನ್ನ ಬೀಗ ಹಾಕಬೇಕು. ಹಾಕಿದ ಮೇಲೆ ಕೈಯಿಂದ ಜಗ್ಗಿ ನೋಡಬೇಕು. 'ಬೀಗ ಬಿದ್ದಿದೆ' ಅಂತ ಬಾಯಿಬಿಟ್ಟು ಹೇಳಬೇಕು, ಜೊತೆಯಲ್ಲಿದ್ದವರು ಬಂದು ಇನ್ನೊಮ್ಮೆ ಜಗ್ಗಬೇಕು. ಆಮೇಲೆ ಪಕ್ಕದ ಕೋಣೆಯ ಕೋತಿಗಳನ್ನು ಎಣಿಸಬೇಕು. ಒಂದು ಕಡಿಮೆ ಬಂದರೂ ಒಳಗೆ ಕಾಲಿಡುವಂತಿಲ್ಲ. ಹೊಸಬರಿಗೆ ಇದೆಲ್ಲ ಅತಿ ಅನ್ನಿಸುತ್ತದೆ. ಎರಡು ಬಾಗಿಲ ನಡುವಿನ ಆ ಕಿರಿದಾದ ಜಾಗದಲ್ಲಿ ಒಂದು ಗಂಡು ಬಬೂನಿನ ಕೋರೆಹಲ್ಲನ್ನು ಹತ್ತಿರದಿಂದ ಕಂಡವರಿಗೆ ಅತಿ ಅನ್ನಿಸುವುದಿಲ್ಲ. ಬೀಗದ ವಿಷಯದಲ್ಲಿ ಉದಾಸೀನ ಮಾಡುವ ಹುಡುಗ ಹುಡುಗಿಯರನ್ನು ಎಷ್ಟೇ ಬುದ್ಧಿವಂತರಾದರೂ ನಾನಾದರೆ ಮನೆಗೆ ಕಳಿಸುತ್ತೇನೆ.

ಊಟದ ಪಟ್ಟಿಯಲ್ಲಿ ಬಾಳೆಹಣ್ಣು ಎಲ್ಲಿ ಅಂತ ನೀವು ಕೇಳಬಹುದು. ಶನಿವಾರ ಆಂಜನೇಯನ ಗುಡಿ ಮುಂದೆ ನಾವೆಲ್ಲ ಕೊಡುವುದು ಅದನ್ನೇ ಅಲ್ವಾ? ಮನುಷ್ಯ ಬೆಳೆಸಿದ ಹಣ್ಣಿನಲ್ಲಿ ಕಾಡಿನ ಹಣ್ಣಿಗಿಂತ ಸಕ್ಕರೆ ಜಾಸ್ತಿ, ನಾರು ಕಡಿಮೆ. ಹಲ್ಲು ಹುಳುಕಾಗುತ್ತದೆ, ಮೈ ಬರುತ್ತದೆ, ಸಕ್ಕರೆ ಕಾಯಿಲೆ ಶುರುವಾಗುತ್ತದೆ. ಇಂಗ್ಲೆಂಡಿನ ಪೈಗ್ನ್‌ಟನ್ ಮೃಗಾಲಯದವರು ಇದೇ ಕಾರಣಕ್ಕೆ ಕೋತಿಗಳಿಗೆ ಬಾಳೆಹಣ್ಣು ನಿಲ್ಲಿಸಿದ್ದು 2014ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಒಳ್ಳೆಯ ಆಶ್ರಯಧಾಮದಲ್ಲಿ ಹಣ್ಣು ಸಿಗುವುದು ಅಪರೂಪಕ್ಕೆ, ಅದೂ ಕಷ್ಟಪಟ್ಟರೆ ಮಾತ್ರ. ತೂತು ಕೊರೆದ ಪೈಪಿನೊಳಗೆ ತುರುಕಿ, ಐಸಿನಲ್ಲಿ ಹೆಪ್ಪುಗಟ್ಟಿಸಿ, ಹುಲ್ಲಿನ ಕಂತೆಯಲ್ಲಿ ಬಚ್ಚಿಟ್ಟು ಕೊಡುತ್ತಾರೆ. ಇದನ್ನು ಎನ್‌ರಿಚ್‌ಮೆಂಟ್ ಅನ್ನುತ್ತಾರೆ. ಕಾಡಿನ ಕೋತಿ ದಿನದ ದೊಡ್ಡ ಪಾಲು ಆಹಾರ ಹುಡುಕುವುದರಲ್ಲೇ ಕಳೆಯುತ್ತದೆ. ಬೋನಿನ ಕೋತಿಗೆ ಆ ಕೆಲಸವೇ ಇಲ್ಲದಿದ್ದರೆ ತಲೆ ಕೆಡುತ್ತದೆ. ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆಗೆ 1985ರಲ್ಲಿ ತಂದ ತಿದ್ದುಪಡಿ ಮಂಗ, ವಾನರಗಳ ಮಾನಸಿಕ ಆರೋಗ್ಯವನ್ನೂ ನೋಡಿಕೊಳ್ಳಬೇಕು ಅನ್ನುತ್ತದೆ. ದಿನಾ ಹೊಸ ಹೊಸ ಆಟ ಹುಡುಕುವ ಈ ಕೆಲಸ ಸಾಮಾನ್ಯವಾಗಿ ಇಂಟರ್ನ್‌ಗಳ ಪಾಲಿಗೆ ಬರುತ್ತದೆ. ತಲೆ ಓಡುವ ಹುಡುಗಿಗೆ ಇದು ಹಬ್ಬ.

ಈಗ ಮಗಳ ಹತ್ತಿರ ನೀವು ಕೇಳಲೇಬೇಕಾದ ಪ್ರಶ್ನೆ. ಅವಳಿಗೆ ಮಂಗವನ್ನು ಎತ್ತಿಕೊಳ್ಳುವ ಆಸೆ ಇದೆಯಾ? ಇದ್ದರೆ ಹೋಗುವುದು ಬೇಡ. ಅವಳು ಹೋಗುವ ಜಾಗ ಒಳ್ಳೆಯದಾಗಿದ್ದರೆ ಮೂರು ತಿಂಗಳಲ್ಲಿ ಒಂದು ಮಂಗವನ್ನೂ ಮುಟ್ಟುವುದಿಲ್ಲ. ಮುಟ್ಟಲು ಬಿಟ್ಟರೆ ಅದು ಒಳ್ಳೆಯ ಜಾಗವಲ್ಲ. ನಾನು ಆಶ್ರಯಧಾಮಗಳನ್ನು ಅಳೆಯುವುದು ಇದರಿಂದಲೇ. ಮರಿಕೋತಿ ಹೆಗಲ ಮೇಲೆ ಕೂರಿಸಿಕೊಂಡ ಸ್ವಯಂಸೇವಕರ ಫೋಟೊಗಳನ್ನು ತೋರಿಸಿ ಜನರನ್ನು ಕರೆಯುವ ಸ್ಥಳಗಳು ಬೇಕಾದಷ್ಟಿವೆ. ವಾರಕ್ಕಿಷ್ಟು ಅಂತ ದುಡ್ಡನ್ನೂ ಕೀಳುತ್ತವೆ. ಆ ಮರಿಗಳು ಎಲ್ಲಿಂದ ಬಂದವು, ದೊಡ್ಡವಾದ ಮೇಲೆ ಎಲ್ಲಿಗೆ ಹೋಗುತ್ತವೆ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಅನಾಥ ಮರಿಯನ್ನು ಕೈಯಾರೆ ಸಾಕಲೇಬೇಕಾದ ಸಂದರ್ಭ ಇಲ್ಲವೆಂದಲ್ಲ. ಆದರೆ ಅದನ್ನು ಒಬ್ಬಿಬ್ಬರು ಅನುಭವಿಗಳು ಮಾಡುತ್ತಾರೆ, ಬೇಗನೆ ಹೆಣ್ಣುಕೋತಿಯೊಂದಕ್ಕೆ ಒಪ್ಪಿಸುತ್ತಾರೆ. ಮೂರು ತಿಂಗಳಿಗೆ ಬಂದು ಹೋಗುವವರ ಮಡಿಲಿಗೆ ಹಾಕುವುದಿಲ್ಲ.

ಆದ್ದರಿಂದ ಮಗಳು ಆ ಸಂಸ್ಥೆಗೆ ಒಂದು ಮೇಲ್ ಹಾಕಲಿ. ನೀವು ಮರಿ ಮಾಡಿಸುತ್ತೀರಾ, ಕೊಳ್ಳುವುದು ಮಾರುವುದು ಇದೆಯಾ, ಜನ ಬಂದು ಮುಟ್ಟಬಹುದಾ ಅಂತ ನೇರವಾಗಿ ಕೇಳಲಿ. ಮೂರಕ್ಕೂ 'ಇಲ್ಲ' ಅಂತ ಬರಬೇಕು. ಗ್ಲೋಬಲ್ ಫೆಡರೇಶನ್ ಆಫ್ ಅನಿಮಲ್ ಸ್ಯಾಂಕ್ಚುವರೀಸ್ ಅನ್ನುವ ಸಂಸ್ಥೆ 2007ರಿಂದ ಇದೆ, ಆಶ್ರಯಧಾಮಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಅದರ ಮಾನ್ಯತೆ ಇದ್ದರೆ ಅರ್ಧ ಚಿಂತೆ ಕಳೆಯಿತು.

ಮುಟ್ಟದಿದ್ದರೆ ಇನ್ನೇನು ಸಂತೋಷ ಅನ್ನುತ್ತೀರಾ? ಒಂದು ಉದಾಹರಣೆ ಹೇಳುತ್ತೇನೆ. ಮನೆಯಲ್ಲಿ ಒಂಟಿಯಾಗಿ ಬೆಳೆದ ಒಂದು ರೀಸಸ್ ಹೆಣ್ಣು. ಮನುಷ್ಯರು ಹತ್ತಿರ ಬಂದರೆ ತನ್ನ ಮುಂಗೈಯನ್ನೇ ಕಚ್ಚಿ ಹಿಡಿದು ಗಿರಗಿರನೆ ಸುತ್ತುತ್ತಿತ್ತು. ಅಲ್ಲಿ ಕೂದಲು ಹೋಗಿ ಚರ್ಮ ದಪ್ಪಗಟ್ಟಿತ್ತು. ಜಾಲರಿಯ ಆಚೆ ಇನ್ನೊಂದು ಮುದಿ ಹೆಣ್ಣನ್ನು ಇಟ್ಟಿದ್ದರು. ಇಂಟರ್ನ್ ಹುಡುಗಿಯ ಕೆಲಸ ದಿನಾ ಹೋಗಿ ದೂರದಲ್ಲಿ ಪಕ್ಕಕ್ಕೆ ತಿರುಗಿ ಕೂರುವುದು, ಕಣ್ಣಲ್ಲಿ ಕಣ್ಣಿಡದೆ ನೋಡುವುದು, ಬರೆಯುವುದು. ಕೋತಿಗಳ ಲೋಕದಲ್ಲಿ ದಿಟ್ಟಿಸಿ ನೋಡಿದರೆ ಜಗಳಕ್ಕೆ ಕರೆದಂತೆ. ಹಲ್ಲು ಕಾಣುವಂತೆ ನಾವು ನಕ್ಕರೂ ಅವಕ್ಕೆ ಅದು ನಗುವಲ್ಲ. ವಾರಗಟ್ಟಲೆ ಏನೂ ಆಗಲಿಲ್ಲ. ಆಮೇಲೊಂದು ದಿನ ಆ ಮುದಿ ಕೋತಿ ತುಟಿ ಪಟಪಟ ಬಡಿಯಿತು. ನಮ್ಮ ಕೋತಿಗಳೂ ಹೀಗೆ ಮಾಡುತ್ತವೆ, ಸ್ನೇಹದ ಸೂಚನೆ ಅದು. ಈ ಹೆಣ್ಣು ಕೈ ಕಚ್ಚುವುದನ್ನು ಬಿಟ್ಟು, ಜಾಲರಿಗೆ ಬೆನ್ನು ಕೊಟ್ಟು ಕೂತಿತು. ಮುದಿ ಕೋತಿ ಬೆರಳು ತೂರಿಸಿ ಅದರ ಕೂದಲು ಹೆಕ್ಕತೊಡಗಿತು. ಇಂಟರ್ನ್ ತನ್ನ ಹಾಳೆಯಲ್ಲಿ ಹೊತ್ತು ಬರೆದು, 'ಹೇನು ಹೆಕ್ಕುವುದು, ಶುರು' ಅಂತ ಗುರುತು ಹಾಕಿದಳು. ಅಲ್ಲಿ ಸಿಗುವ ಸಂತೋಷ ಅಂದರೆ ಇಷ್ಟೇ. ಇಷ್ಟು ಸಾಕು ಅನ್ನುವವರಿಗೆ ಈ ಕೆಲಸ.

ಕಾಯಿಲೆಯ ಭಯ ಕೇಳಿದಿರಿ. ಸಾಗರದವರಿಗೆ ಮಂಗನ ಕಾಯಿಲೆ ಬಗ್ಗೆ ನಾನು ಪಾಠ ಮಾಡಬೇಕಿಲ್ಲ. ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ರೋಗ ಅದು, 2018-19ರಲ್ಲಿ ನಿಮ್ಮದೇ ತಾಲೂಕಿನ ಅರಳಗೋಡಿನಲ್ಲಿ ಎಷ್ಟು ಜನರನ್ನು ಕಾಡಿತು ಅನ್ನುವುದನ್ನು ನೀವು ಕಂಡಿದ್ದೀರಿ. ಅದು ಉಣುಗಿನಿಂದ ಹರಡುವ ರೋಗ, ಟೆಕ್ಸಾಸ್‌ನಲ್ಲಿ ಇಲ್ಲ. ಅಲ್ಲಿ ಹೆದರಬೇಕಾದದ್ದು ಹರ್ಪಿಸ್ ಬಿ ವೈರಸ್‌ಗೆ. ಮೆಕಾಕ್‌ಗಳಲ್ಲಿ ಇದು ಬಾಯಿಹುಣ್ಣಿನಷ್ಟೇ ಸಣ್ಣ ತೊಂದರೆ. ಮನುಷ್ಯರಿಗೆ ತಗುಲಿದರೆ ಮಿದುಳಿಗೆ ಏರುತ್ತದೆ. ಬಹಳ ಅಪರೂಪ. 1932ರಲ್ಲಿ ಮೊದಲು ಕಂಡಾಗಿನಿಂದ ಲೆಕ್ಕಕ್ಕೆ ಸಿಕ್ಕಿದವರು ಸುಮಾರು 50 ಜನ ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಆದರೆ ಅವರಲ್ಲಿ 21 ಜನ ಸತ್ತಿದ್ದಾರೆ. 1997ರಲ್ಲಿ ಅಲ್ಲಿನ ಸಂಶೋಧನಾ ಕೇಂದ್ರವೊಂದರಲ್ಲಿ 22 ವರ್ಷದ ಹುಡುಗಿಯ ಕಣ್ಣಿಗೆ ಕೋತಿಯ ಗಲೀಜು ಸಿಡಿದು, ಆಕೆ ತೀರಿಕೊಂಡಳು. ಅಂದಿನಿಂದ ಕಣ್ಣಿಗೆ ಕವಚ ಹಾಕುವ ನಿಯಮ ಬಿಗಿಯಾಯಿತು. ಪರಚಿದರೆ, ಕಚ್ಚಿದರೆ, ಕಣ್ಣಿಗೆ ಹಾರಿದರೆ ಮೊದಲು ಪೂರ್ತಿ 15 ನಿಮಿಷ ತೊಳೆಯಬೇಕು. ಗಾಯವಾದರೆ ಸೋಪು ಹಾಕಿ, ಕಣ್ಣಾದರೆ ಬರೀ ನೀರು. ಆಮೇಲೆ ಡಾಕ್ಟರು. 'ಸಣ್ಣ ಗೀರು, ಯಾರಿಗೂ ಹೇಳುವುದು ಬೇಡ' ಅನ್ನುವ ಸಂಕೋಚ ನಮ್ಮ ಹುಡುಗಿಯರಿಗೆ ಜಾಸ್ತಿ. ಇದೊಂದನ್ನು ಅವಳ ತಲೆಗೆ ತುಂಬಿ ಕಳಿಸಿ.

ಕಾಯಿಲೆ ನಮ್ಮಿಂದ ಅವಕ್ಕೂ ಹೋಗುತ್ತದೆ. ನಮ್ಮ ತುಟಿಯ ಮೇಲಿನ ಜ್ವರಗುಳ್ಳೆ ಮಾರ್ಮೊಸೆಟ್‌ನಂಥ ಪುಟ್ಟ ಕೋತಿಯನ್ನು ಕೊಂದೇ ಬಿಡುತ್ತದೆ. ದಡಾರ, ಕ್ಷಯ ಕೂಡ ಹಾಗೆ. ಅದಕ್ಕೇ ಒಳಗೆ ಬಿಡುವ ಮೊದಲು ಟಿಬಿ ಪರೀಕ್ಷೆ ಕೇಳುತ್ತಾರೆ. ಇಲ್ಲಿ ಭಾರತದವರಿಗೆ ಒಂದು ತೊಡಕಿದೆ. ನಮಗೆಲ್ಲ ಹುಟ್ಟಿದಾಗಲೇ ಟಿಬಿ ತಡೆಯುವ ಬಿಸಿಜಿ ಲಸಿಕೆ ಚುಚ್ಚಿರುತ್ತಾರೆ. ಅದರಿಂದ ಕೈಯ ಚರ್ಮಕ್ಕೆ ಚುಚ್ಚಿ ಮಾಡುವ ಪರೀಕ್ಷೆಯಲ್ಲಿ ಟಿಬಿ ಇಲ್ಲದಿದ್ದರೂ ಊದಿಕೊಂಡು 'ಪಾಸಿಟಿವ್' ಬರಬಹುದು. ಇಗ್ರಾ ಅನ್ನುವ ರಕ್ತ ಪರೀಕ್ಷೆಗೆ ಬಿಸಿಜಿ ಅಡ್ಡ ಬರುವುದಿಲ್ಲ. ಅದನ್ನೇ ಮಾಡಿಸಿದರೆ ನಡೆಯುತ್ತದಾ ಅಂತ ಮೊದಲೇ ಕೇಳಿ, ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಮಾಡಿಸಿಕೊಂಡು ಹೋಗಲಿ. ಅಲ್ಲಿ ಇಳಿದ ಮೇಲೆ ಎಕ್ಸ್‌ರೇಗೆ ಅಲೆಯುವುದು ತಪ್ಪುತ್ತದೆ. ಧನುರ್ವಾಯು, ದಡಾರ, ಹೆಪಟೈಟಿಸ್ ಬಿ ಲಸಿಕೆಗಳ ಚೀಟಿಯೂ ಜೊತೆಗಿರಲಿ. ಇನ್ಶೂರೆನ್ಸ್ ಮಾಡಿಸುವಾಗ ಪ್ರವಾಸಿಗರ ಪಾಲಿಸಿ ಸಾಲದು. ಪ್ರಾಣಿಗಳ ಜೊತೆ ಕೆಲಸ ಮಾಡುವಾಗ ಆದ ಗಾಯಕ್ಕೆ ದುಡ್ಡು ಕೊಡುತ್ತದೆಯಾ ಅಂತ ಓದಿ ನೋಡಿ.

ಇಷ್ಟೆಲ್ಲ ಸರಿ ಇದ್ದೂ ಕೆಲಸ ಕೆಡುವುದು ವೀಸಾದಲ್ಲಿ. ಎಷ್ಟೋ ಆಶ್ರಯಧಾಮಗಳು ವೀಸಾ ಮಾಡಿಸಿಕೊಡುವುದಿಲ್ಲ, ಅಮೆರಿಕದಲ್ಲಿ ಕೆಲಸ ಮಾಡಲು ಅನುಮತಿ ಇದ್ದವರನ್ನಷ್ಟೇ ತೆಗೆದುಕೊಳ್ಳುತ್ತವೆ. ಇಂಟರ್ನ್‌ಗಳಿಗೆ ಜೆ-1 ಅನ್ನುವ ವೀಸಾ ಇದೆ. ಓದುತ್ತಿರುವವರಿಗೆ, ಇಲ್ಲವೇ ಪದವಿ ಮುಗಿದು 12 ತಿಂಗಳು ದಾಟದವರಿಗೆ ಅದು ಸಿಗುತ್ತದೆ. ಮಗಳು ಈ ವರ್ಷವೇ ಮುಗಿಸಿದ್ದು ಒಳ್ಳೆಯದಾಯಿತು, ತಡ ಮಾಡಿದರೆ ಆ ಬಾಗಿಲು ಮುಚ್ಚುತ್ತದೆ. ಆದರೆ ಅದಕ್ಕೆ ಅಲ್ಲಿನ ಸರ್ಕಾರದ ಒಪ್ಪಿಗೆ ಪಡೆದ ಪ್ರಾಯೋಜಕ ಸಂಸ್ಥೆ ಬೇಕು, ಏನೇನು ಕಲಿಸುತ್ತೇವೆ ಅನ್ನುವ ಲಿಖಿತ ಯೋಜನೆ ಬೇಕು. ಬರೀ ಕೂಲಿ ಕೆಲಸಕ್ಕೂ, ಪ್ರಾಣಿಗಳ ಚಿಕಿತ್ಸೆಗೂ ಆ ವೀಸಾ ಕೊಡುವುದಿಲ್ಲ. ಹಾಗಾಗಿ ಯೋಜನೆಯಲ್ಲಿ 'ತೊಳೆಯುವುದು' ಅಂತ ಮಾತ್ರ ಇದ್ದರೆ ಕಷ್ಟ. ವರ್ತನೆಯ ಅಧ್ಯಯನ, ಎನ್‌ರಿಚ್‌ಮೆಂಟ್, ಆಹಾರ ಯೋಜನೆ ಇರಬೇಕು. 'ಸುಮ್ನೆ ಟೂರಿಸ್ಟ್ ವೀಸಾದಲ್ಲಿ ಬಂದುಬಿಡಿ' ಅಂತ ಯಾರಾದರೂ ಹೇಳಿದರೆ ಅಂಥವರ ಹತ್ತಿರ ಹೋಗಲೇಬೇಡಿ.

ಅಮೆರಿಕದಲ್ಲೇ ಇರುವ ಕನ್ನಡದ ಹೆಣ್ಣುಮಕ್ಕಳೂ ಇದನ್ನು ನನ್ನ ಹತ್ತಿರ ಕೇಳುತ್ತಿರುತ್ತಾರೆ. ಅಲ್ಲಿ ಓದು ಮುಗಿಸಿ ಒಪಿಟಿಯಲ್ಲಿರುವವರು (ವಿದ್ಯಾರ್ಥಿ ವೀಸಾದವರಿಗೆ ಓದಿನ ನಂತರ ಸಿಗುವ ಕೆಲಸದ ಅನುಮತಿ ಅದು) ಮೊದಲ ವರ್ಷದಲ್ಲಿ ತಮ್ಮ ಓದಿಗೆ ಸಂಬಂಧಿಸಿದ ಇಂಥ ಸಂಬಳವಿಲ್ಲದ ಕೆಲಸವನ್ನು ವಾರಕ್ಕೆ 20 ಗಂಟೆಗೆ ಕಡಿಮೆ ಇಲ್ಲದಂತೆ ಮಾಡಬಹುದು. ಗಂಡನ ಜೊತೆ ಎಚ್-4 ಅನ್ನುವ ಅವಲಂಬಿತರ ವೀಸಾದಲ್ಲಿ ಹೋದವರು ಹುಷಾರಾಗಿರಬೇಕು. ಪುಕ್ಕಟೆ ಕೋಣೆಯನ್ನೂ ಕೂಲಿ ಅಂತ ಲೆಕ್ಕ ಹಾಕುವ ಸಾಧ್ಯತೆ ಇದೆ. ವಲಸೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ಅಲ್ಲಿನ ಬದುಕು ಹೇಗೆ ಅಂದರೆ, ಊರಿಂದ ದೂರ. ಬಸ್ಸಿಲ್ಲ. ಕಾರು ಓಡಿಸಲು ಬರದಿದ್ದರೆ ಸಾಮಾನು ತರಲೂ ಇನ್ನೊಬ್ಬರನ್ನು ಕಾಯಬೇಕು. ಬೇಸಿಗೆಯಲ್ಲಿ ದಕ್ಷಿಣ ಟೆಕ್ಸಾಸ್ 38-40 ಡಿಗ್ರಿ ಕಾಯುತ್ತದೆ. ಒಂದು ಮನೆಯಲ್ಲಿ ನಾಲ್ಕೈದು ಜನ ಇಂಟರ್ನ್‌ಗಳು, ಒಂದೇ ಅಡುಗೆಮನೆ. ಕೆಲವು ಕಡೆ ಆ ಮನೆಯಲ್ಲಿ ಮಾಂಸ ತರುವ ಹಾಗಿಲ್ಲ. ನೀವು ಸಸ್ಯಾಹಾರಿಗಳಾದರೆ ಒಂದು ಚಿಂತೆ ತಪ್ಪಿತು. ಸಾರಿನ ಪುಡಿ ಒಂದು ಡಬ್ಬಿ ಜಾಸ್ತಿಯೇ ಕಟ್ಟಿ. ವಾರಕ್ಕೆ ಐದು ದಿನ ಕೆಲಸ ಅಂತ ಇದ್ದರೂ ಹಬ್ಬಕ್ಕೆ ರಜೆ ಇರುವುದಿಲ್ಲ, ಮಂಗಗಳಿಗೆ ದಿನಾ ಹಸಿವಾಗುತ್ತದೆ. ಹೊಂದಿಕೊಂಡ ಒಂದು ಮುದಿ ಕೋತಿ ಸತ್ತ ದಿನವೂ ಉಳಿದವಕ್ಕೆ ಗೆಣಸು ಹೆಚ್ಚಬೇಕು. ಆ ದಿನಗಳಲ್ಲಿ ಅವಳು ನಿಮಗೆ ಫೋನ್ ಮಾಡಿ ಅತ್ತರೆ 'ಬಂದುಬಿಡು' ಅನ್ನಬೇಡಿ, ಸುಮ್ಮನೆ ಕೇಳಿ.

ಮುಂದೆ ಏನು ಪ್ರಯೋಜನ? ಇದೊಂದರಿಂದ ಕೆಲಸ ಸಿಗುವುದಿಲ್ಲ. ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಕೂತು ನೋಡಿ, ಹೊತ್ತು ಹಾಕಿ, ತನ್ನ ಊಹೆ ಬೆರೆಸದೆ ಬರೆಯುವ ಅಭ್ಯಾಸ ಬಂದರೆ ಅದು ಎಲ್ಲಿಗೆ ಹೋದರೂ ನಡೆಯುತ್ತದೆ. ಡೆಹ್ರಾಡೂನ್‌ನ ವನ್ಯಜೀವಿ ಸಂಸ್ಥೆಯ ಎಂಎಸ್ಸಿಗೋ, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ವನ್ಯಜೀವಿ ಎಂಎಸ್ಸಿಗೋ ಅರ್ಜಿ ಹಾಕುವಾಗ ಇಂಥ ಕೆಲಸದ ಟಿಪ್ಪಣಿಗಳು, ಮೇಲ್ವಿಚಾರಕರ ಒಂದು ಪತ್ರ ಕೈಯಲ್ಲಿದ್ದರೆ ತೂಕ ಬರುತ್ತದೆ.

ನನ್ನನ್ನು ಕೇಳಿದರೆ, ವಿಮಾನ ಹತ್ತುವ ಮೊದಲು ಇಲ್ಲೇ ಸ್ವಲ್ಪ ದಿನ ಕೈ ಕೊಳೆ ಮಾಡಿಕೊಳ್ಳಲಿ. ಬೆಂಗಳೂರಿನ ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ. ಮೈಸೂರು ಮೃಗಾಲಯದ್ದು ಕೂರ್ಗಳ್ಳಿಯಲ್ಲಿ ಪುನರ್ವಸತಿ ಕೇಂದ್ರ ಇದೆ. ಕೇಳಿ ನೋಡಲಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮೇವಾ ಸಿಂಗ್ ಅವರು ದಶಕಗಳ ಕಾಲ ಸಿಂಗಳೀಕ, ಕೋತಿಗಳ ಮೇಲೆ ಮಾಡಿದ ಕೆಲಸದ ಲೇಖನಗಳನ್ನು ಓದಲಿ. ಸಿಂಗಳೀಕಗಳಿಗೆಂದೇ 2011ರಲ್ಲಿ ಘೋಷಿಸಿದ, ಈಗ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿರುವ ಅಘನಾಶಿನಿ ಸಂರಕ್ಷಣಾ ಪ್ರದೇಶ ನಿಮ್ಮಿಂದ ದೂರವೂ ಇಲ್ಲ. ಇನ್ನು ಅವಳಪ್ಪ ಕೇಳಿದ್ದು ತಮಾಷೆಗಾದರೂ ಪ್ರಶ್ನೆ ಸರಿಯಾಗಿಯೇ ಇದೆ. ತೋಟಕ್ಕೆ ಬರುವ ಗುಂಪಿನಲ್ಲಿ ಎಷ್ಟು ಗಂಡು, ಎಷ್ಟು ಹೆಣ್ಣು, ಯಾವ ಹೊತ್ತಿಗೆ ಬರುತ್ತವೆ, ಬಾಳೆಗೊನೆಗೆ ಮೊದಲು ಕೈ ಹಾಕುವುದು ಯಾವುದು ಅಂತ ಒಂದು ತಿಂಗಳು ನೋಡಿ ಬರೆಯಲಿ. ಸಂದರ್ಶನದಲ್ಲಿ 'ನಿನಗೆ ಮಂಗಗಳ ಬಗ್ಗೆ ಏನು ಗೊತ್ತು' ಅಂತ ಕೇಳಿದಾಗ ಉಳಿದ ಅರ್ಜಿದಾರರ ಹತ್ತಿರ ಇಲ್ಲದ ಉತ್ತರ ಅವಳ ಹತ್ತಿರ ಇರುತ್ತದೆ. ಟಿಕೆಟ್ ಮಾತ್ರ ವೀಸಾ ಕೈಗೆ ಬಂದ ಮೇಲೆಯೇ ಬುಕ್ ಮಾಡಿ.